ಚೋಮ ಕೇಳಿದ್ದು ಹೊಲವನ್ನು

ಚಿಕ್ಕಬಳ್ಳಾಪುರದ ಕಡೆ ತಮಟೆ ಹೊಡೆಯುವ ಮೊದಲು ಹುಲ್ಲಿಗೆ ಬೆಂಕಿ ಹಾಕಿ ಅದರ ಚರ್ಮ ಕಾಯಿಸುತ್ತಾರೆ. ಬೆರಳಿನಿಂದ ತಟ್ಟಿ ನೋಡಿ, ಬಿಗಿ ಸಾಲದಿದ್ದರೆ ಮತ್ತೆ ಉರಿಗೆ ಹಿಡಿಯುತ್ತಾರೆ. ಆ ತಟ್ಟುವ ಸದ್ದು ಕಿವಿಗೆ ಬಿದ್ದಾಗಲೆಲ್ಲ ನನಗೆ ‘ಚೋಮನ ದುಡಿ’ಯ ಕೊನೆ ನೆನಪಾಗುತ್ತದೆ. ಎತ್ತುಗಳನ್ನು ಕಾಡಿಗೆ ಅಟ್ಟಿದ ಚೋಮ ಗುಡಿಸಲಿನ ಬಾಗಿಲು ಹಾಕಿಕೊಂಡು, ಜೀವ ಹೋಗುವವರೆಗೂ ದುಡಿ ಎಂಬ ಚರ್ಮವಾದ್ಯ ಬಾರಿಸುತ್ತಾನೆ.

ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ, ಬಿ.ವಿ. ಕಾರಂತರ ಚಿತ್ರ 1975ರಲ್ಲಿ. ಚಿತ್ರಕ್ಕೆ ದೇಶದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಬಂತು, ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅಂದಿನಿಂದ ಇದನ್ನು ಒಬ್ಬ ನತದೃಷ್ಟನ ದುಃಖದ ಕಥೆಯಾಗಿಯೇ ನೋಡುತ್ತ ಬಂದಿದ್ದೇವೆ. ವಾಸುದೇವರಾಯರ ಮುಖ ಅಷ್ಟು ತುಂಬಿಕೊಳ್ಳುತ್ತದೆ, ಬೇರೇನೂ ಕಾಣುವುದಿಲ್ಲ. ಆದರೆ ಚೋಮ ಕೇಳಿದ್ದು ಮರುಕವನ್ನಲ್ಲ, ಉಳುವುದಕ್ಕೆ ಒಂದು ತುಂಡು ಹೊಲವನ್ನು.

ಚಿತ್ರ ತೆರೆಗೆ ಬರುವ ಹಿಂದಿನ ವರ್ಷ, 1974ರ ಮಾರ್ಚ್ 1ರಂದು, ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದಿತ್ತು. ಉಳುವವನೇ ಹೊಲದೊಡೆಯ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಗೇಣಿದಾರರು ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿಕೊಂಡರು. ಚೋಮ ಯಾವ ಅರ್ಜಿ ಹಾಕಬೇಕಿತ್ತು? ಅವನು ಗೇಣಿದಾರನೇ ಅಲ್ಲ. ಜೋಡಿ ಎತ್ತಿದ್ದರೂ ಹೊಲೆಯನೆಂಬ ಒಂದೇ ಕಾರಣಕ್ಕೆ ಅವನಿಗೆ ನೇಗಿಲು ಹಿಡಿಯಲು ಬಿಟ್ಟಿರಲಿಲ್ಲ. ಉಳುವವನಿಗೆ ಹೊಲ ಎಂದ ಕಾನೂನು, ಉಳಲು ಅವಕಾಶವೇ ಸಿಗದವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ಕಾಲದಲ್ಲಿ ಚಿತ್ರ ನೋಡಿದವರಿಗೆ ಇದು ಹೊಳೆಯಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ. ಚೋಮನ ಸಾಲ ತೀರಿಸಲು ಅವನ ಮಕ್ಕಳು ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾರೆ. ಸಾಲಕ್ಕಾಗಿ ದುಡಿಸಿಕೊಳ್ಳುವುದನ್ನು ತಡೆಯುವ ಜೀತ ರದ್ದತಿ ಕಾಯ್ದೆ ಬಂದದ್ದು ಚಿತ್ರದ ಮರುವರ್ಷ, 1976ರಲ್ಲಿ.

ಚಿತ್ರದ ಬಗ್ಗೆ ನನಗೊಂದು ತಕರಾರೂ ಇದೆ. ಚೋಮನ ಜೊತೆಗೆ ಯಾರೂ ನಿಲ್ಲುವುದಿಲ್ಲ. ಅವನ ಸಿಟ್ಟು ಮಕ್ಕಳ ಮೇಲೆ, ಹೆಂಡದ ಮೇಲೆ, ದುಡಿಯ ಮೇಲೆ ಹರಿದುಹೋಗುತ್ತದೆ, ಒಡೆಯರ ಅಂಗಳ ಮುಟ್ಟುವುದಿಲ್ಲ. ಅದೇ ಎಪ್ಪತ್ತರ ದಶಕದಲ್ಲಿ ದಲಿತ ಚಳವಳಿ ತಮಟೆಯನ್ನು ಬೀದಿಗೆ ತಂದಿತು. ಸಾವಿಗೆ, ಜಾತ್ರೆಗೆ ಬಿಟ್ಟಿಯಾಗಿ ಬಡಿಯಬೇಕಿದ್ದ ವಾದ್ಯ ಹೋರಾಟದ ಹಾಡಿಗೆ ಜೊತೆಯಾಯಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂದಾಗ ನನಗಾದ ಸಂತೋಷ ಸಣ್ಣದಲ್ಲ.

ವಾದ್ಯಕ್ಕೆ ಮಾನ ಸಿಕ್ಕಿತು. ಹೊಲದ ಮಾತು ಬೇರೆ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು ಪರರ ಪಾಲಾಗದಿರಲೆಂದು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಮಾಡಿದರು. ಕೈಬಿಟ್ಟ ಜಮೀನು ಮರಳಿಸಿ ಎಂದು ಬಹಳ ತಡವಾಗಿ ಬಂದ ಅರ್ಜಿ ನಿಲ್ಲದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಷ್ಟೋ ಪ್ರಕರಣಗಳು ಬಿದ್ದುಹೋದವು. ಕಾಲಮಿತಿಯಿಲ್ಲವೆಂದು ರಾಜ್ಯ 2023ರಲ್ಲಿ ಕಾಯ್ದೆಯನ್ನೇ ತಿದ್ದಿತು. ಅಷ್ಟರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದು, ಈ ಸೀಮೆಯ ಬೆದ್ದಲಿಗೂ ಬೆಲೆ ಏರಿತ್ತು.

ಈ ಪ್ರಕರಣಗಳನ್ನು ಕೇಳುವ ಉಪವಿಭಾಗಾಧಿಕಾರಿಯ ಕೋರ್ಟಿನ ಮುಂದೆ ಈಗಲೂ ಮುದುಕರು ಕಾಯುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಅಪ್ಪನ ಹೆಸರಿಗೆ ಜಮೀನು ಮಂಜೂರಾದ ಸಾಗುವಳಿ ಚೀಟಿ, ಮಡಿಕೆಯ ಗೆರೆಯಲ್ಲಿ ಹರಿದದ್ದು. ಅದರಲ್ಲಿರುವ ಸರ್ವೆ ನಂಬರಿನಲ್ಲಿ ಬಡಾವಣೆಯ ಕಲ್ಲುಗಳನ್ನು ನೆಟ್ಟಾಗಿರುತ್ತದೆ.