ಪದ ಪರಿಚಯ: ಕುಸಮೊನೊ

ಈಚೆಗೆ ಒಂದು ಸಸ್ಯ ಪ್ರದರ್ಶನದಲ್ಲಿ ಹಾವಸೆ ಸುತ್ತಿದ ಮಣ್ಣಿನ ಉಂಡೆಗಳನ್ನು ದಾರದಲ್ಲಿ ತೂಗುಹಾಕಿ, ಕೆಳಗೆ ‘ಕುಸಮೊನೊ’ ಎಂಬ ಚೀಟಿ ಅಂಟಿಸಿದ್ದರು. ಇದೇ ತಪ್ಪನ್ನು ನರ್ಸರಿಗಳ ಫಲಕಗಳಲ್ಲಿಯೂ ಹಲವು ಬಾರಿ ಕಂಡಿರುವುದರಿಂದ ಈ ಟಿಪ್ಪಣಿ ಬರೆಯಬೇಕಾಯಿತು. ಆ ಉಂಡೆಗಳಿಗೆ ಜಪಾನಿನಲ್ಲಿ ಕೊಕೆದಮ ಎಂಬ ಬೇರೆಯೇ ಹೆಸರಿದೆ. ‘ಕೊಕೆ’ ಎಂದರೆ ಹಾವಸೆ, ‘ತಮ’ ಎಂದರೆ ಗುಂಡು. ಬೆಟ್ಟ ಮತ್ತು ತಾವರೆ ಸೇರಿ ‘ಬೆಟ್ಟದಾವರೆ’ ಆಗುವಂತೆಯೇ ಅಲ್ಲಿಯೂ ಸಮಾಸದಲ್ಲಿ ತಕಾರವು ದಕಾರವಾಗುತ್ತದೆ. ಕುಸಮೊನೊ ಎಂದರೆ ಹುಲ್ಲು, ಕಾಡುಹೂವಿನಂಥ ಗಿಡಗಳನ್ನು ಪುಟ್ಟ ಕುಂಡದಲ್ಲೋ ಹಂಚಿನ ಮೇಲೋ ನೆಟ್ಟು ಬೆಳೆಸಿ ಪ್ರದರ್ಶಿಸುವ ಜಪಾನೀ ಕಲಾಕೃತಿ; ಅದರ ಹೆಸರಿನಲ್ಲಿ ಉಂಡೆಯ ಮಾತೇ ಇಲ್ಲ. ಅದು ‘ಕುಸ’ ಮತ್ತು ವಸ್ತು ಎಂಬರ್ಥದ ‘ಮೊನೊ’ ಸೇರಿ ಆದ ಪದ.

ಕುಸ ಎಂದರೆ ನಮ್ಮ ಕುಶವೇ, ಅಂದರೆ ದರ್ಭೆಯೇ, ಬೌದ್ಧ ಧರ್ಮದ ಜೊತೆಯಲ್ಲಿ ಜಪಾನಿಗೆ ಹೋದ ಪದವಿದು ಎಂಬ ವಿವರಣೆಯನ್ನು ಕೆಲವರು ಬಹಳ ವಿಶ್ವಾಸದಿಂದ ಕೊಡುತ್ತಾರೆ. ಕಿವಿಗೆ ಹಿತವಾದರೂ ಇದು ನಿಜವಲ್ಲ. ಜಪಾನೀ ಬರವಣಿಗೆಯಲ್ಲಿ ಒಂದೇ ಲಿಪಿಚಿಹ್ನೆಗೆ ಸಾಮಾನ್ಯವಾಗಿ ಚೀನಾದಿಂದ ಬಂದ ಓದು ಒಂದು, ದೇಶ್ಯ ಓದು ಇನ್ನೊಂದು ಇರುತ್ತವೆ. ಹುಲ್ಲಿನ ಚಿಹ್ನೆಯ ಚೀನೀ ಮೂಲದ ಓದು ‘ಸೋ’, ದೇಶ್ಯ ಓದು ‘ಕುಸ’. ಸಂಸ್ಕೃತದ ಬೌದ್ಧ ಪದಗಳು ಚೀನೀ ಭಾಷೆಯ ಮೂಲಕವೇ ಜಪಾನಿಗೆ ಸೇರಿದವು: ಸ್ತೂಪವು ‘ಸೊತೊಬ’ ಆಯಿತು, ಕಾಷಾಯವು ‘ಕೆಸ’ ಆಯಿತು. ಬೋಧಿವೃಕ್ಷದ ಕೆಳಗೆ ಬುದ್ಧನು ಹಾಸಿಕೊಂಡನೆನ್ನಲಾದ ಕುಶವೂ ಅದೇ ದಾರಿಯಲ್ಲಿ ಹೋಯಿತಾದರೂ, ಅಲ್ಲಿ ಅದಕ್ಕೆ ಸಿಕ್ಕಿದ ಹೆಸರು ಮಂಗಳಕರವಾದ ಹುಲ್ಲು ಎಂಬರ್ಥದ ‘ಕಿಚಿಜೋಸೋ’. ಆ ಹೆಸರಿನ ಕೊನೆಯಲ್ಲಿರುವುದು ‘ಸೋ’, ‘ಕುಸ’ವಲ್ಲ ಎಂಬುದನ್ನು ಗಮನಿಸಿದರೆ ಸಾಕು. ಕುಸ ಮತ್ತು ಕುಶಗಳ ಹೋಲಿಕೆ ಬರಿಯ ಆಕಸ್ಮಿಕ.

ಹಾಗೆಂದು ಕುಸವನ್ನು ‘ಹುಲ್ಲು’ ಎಂದು ಅನುವಾದಿಸಿದರೂ ಅರ್ಥ ಕುಗ್ಗುತ್ತದೆ. ಹುಲ್ಲು, ಮೂಲಿಕೆ, ಕಾಡುಹೂವಿನ ಗಿಡ, ಕಳೆ, ಇವೆಲ್ಲವೂ ಕುಸವೇ. ಜಪಾನಿನ ಹೂಜೋಡಣೆಯ ಕಲೆಯಾದ ಇಕೆಬಾನಾ ಸಂಪ್ರದಾಯದಲ್ಲಿ ಸಸ್ಯಸಾಮಗ್ರಿಯನ್ನು ಮರದ ಜಾತಿಯ ‘ಕಿಮೊನೊ’, ಮೆತುಕಾಂಡದ ‘ಕುಸಮೊನೊ’, ಎರಡೂ ಕಡೆ ಸಲ್ಲುವ ‘ತ್ಸೂಯೋಮೊನೊ’ ಎಂದು ವಿಂಗಡಿಸುತ್ತಾರೆ (ಈ ಕಿಮೊನೊ ಉಡುಪಲ್ಲ, ಅಲ್ಲಿ ‘ಕಿ’ ಎಂದರೆ ಮರ). ಸಸ್ಯಶಾಸ್ತ್ರದ ಪ್ರಕಾರ ಹುಲ್ಲಿನ ಕುಟುಂಬಕ್ಕೆ ಸೇರಿದ ಬಿದಿರು ಇಲ್ಲಿ ಮೂರನೆಯ ಗುಂಪಿನಲ್ಲಿದೆ. ಇನ್ನು ಜಪಾನಿನ ಪ್ರಾಚೀನ ಕವಿತೆಗಳ ‘ಮಾನ್‌ಯೋಶೂ’ ಸಂಕಲನದಲ್ಲಿ ಕವಿ ಯಮನೊಉಎ ನೊ ಒಕುರ ಎಣಿಸಿದ ಶರತ್ಕಾಲದ ಏಳು ಕುಸಗಳಲ್ಲಿ ಮೊದಲನೆಯದಾದ ‘ಹಗಿ’ಯಂತೂ ಗಟ್ಟಿ ಕಾಂಡದ ಪೊದೆ. ಆದ್ದರಿಂದ ಈ ಪದದ ಎಲ್ಲೆಯನ್ನು ಹಾಕಿದ್ದು ಸಸ್ಯಶಾಸ್ತ್ರವಲ್ಲ, ಬಯಲನ್ನೂ ಕಾಡಿನ ಅಂಚನ್ನೂ ನೋಡಿ ಪಳಗಿದ ಕಣ್ಣು. ಹೀಗಿದ್ದರೂ ಪುಟ್ಟ ಕುಂಡದಲ್ಲಿರುವ ಆಲವನ್ನು ಅದು ಚಿಕ್ಕದು ಎಂಬ ಕಾರಣಕ್ಕೆ ಕುಸಮೊನೊ ಎನ್ನಲಾಗದು. ಅದು ಸಣ್ಣ ಬೊನ್ಸಾಯ್, ಅಷ್ಟೆ.

ಇದರ ಜೊತೆಗೆ ಕಲಸಿಹೋಗುವ ಇನ್ನೊಂದು ಪದ ‘ಶಿತಕುಸ’. ‘ಶಿತ’ ಎಂದರೆ ಕೆಳಗೆ. ಕಾಡಿನಲ್ಲಿ ಮರಗಳ ಬುಡದಲ್ಲಿ ಬೆಳೆಯುವ ಹುಲ್ಲುಪೊದೆಗೂ ಇದೇ ಹೆಸರು, ಬೊನ್ಸಾಯ್ ಪಕ್ಕದಲ್ಲಿ ಇರಿಸುವ ಪುಟ್ಟ ಕುಂಡಕ್ಕೂ ಇದೇ ಹೆಸರು. ಪಿಟೀಲು ಎಂಬುದು ವಾದ್ಯದ ಹೆಸರು, ಪಕ್ಕವಾದ್ಯ ಎಂಬುದು ಕಛೇರಿಯಲ್ಲಿ ಅದು ವಹಿಸುವ ಪಾತ್ರದ ಹೆಸರು; ಕುಸಮೊನೊ ಮತ್ತು ಶಿತಕುಸಗಳ ಸಂಬಂಧವೂ ಹಾಗೆಯೇ. ಒಂದೇ ಕುಂಡವು ತಾನೇ ಮುಖ್ಯವಾಗಿ ಪೀಠದ ಮೇಲೆ ಕುಳಿತಾಗ ಕುಸಮೊನೊ, ಪೈನ್ ಮರದ ಪಕ್ಕದಲ್ಲಿ ತೆಳುಹಲಗೆಯ ಮೇಲೆ ತಗ್ಗಿ ಕುಳಿತಾಗ ಶಿತಕುಸ. ಪಕ್ಕದಲ್ಲಿರುವಾಗ ಅದು ಮರಕ್ಕಿಂತ ಗಿಡ್ಡವಾಗಿರಬೇಕು, ಮರದ ಹೂವಿನೊಡನೆ ಸ್ಪರ್ಧಿಸಬಾರದು, ಮರವು ಯಾವ ನೆಲದ್ದು, ಈಗ ಯಾವ ಋತು ಎಂಬುದನ್ನು ಸೂಚಿಸಬೇಕು. ಎತ್ತರದ ಬೆಟ್ಟದ ಮರದ ಬಳಿ ಜೌಗುನೆಲದ ಗಿಡವನ್ನಿಟ್ಟರೆ, ಅದೆಷ್ಟೇ ಸುಂದರವಾಗಿದ್ದರೂ, ಅದು ಅಪಸ್ವರವೇ.

ಕಟ್ಟುವ ವಿಧಾನ ಸರಳ. ನೀರು ಬಸಿಯುವ ಆಳವಿಲ್ಲದ ಕುಂಡ; ಜಪಾನಿನ ಕಾಂತೋ ಪ್ರದೇಶದ ಜ್ವಾಲಾಮುಖಿ ಬೂದಿಯ ಜೇಡಿಯಿಂದ ಬರುವ, ‘ಕೆಂಪು ಗುಂಡು’ ಎಂದೇ ಅರ್ಥವಿರುವ ಹರಳುಮಣ್ಣು ‘ಅಕದಮ’; ಕುಂಡವಿಲ್ಲದೆ ಹಂಚಿನ ಮೇಲೆ ನೆಡುವುದಾದರೆ ‘ಕೆತೊ’ ಎಂಬ ಕಪ್ಪು ಅಂಟುಮಣ್ಣು. ಗಿಡಗಳು ಒಂದೇ ಬಗೆಯ ಬಿಸಿಲನ್ನೂ ತೇವವನ್ನೂ ಬಯಸುವಂಥವಾಗಿರಬೇಕು. ಗಾಳಿಯನ್ನರಿತ ಹುಲ್ಲು ಎಂಬರ್ಥದ ‘ಫೂಚಿಸೋ’ ಒಂದೇ ಇದ್ದರೂ ಕುಂಡ ತುಂಬುತ್ತದೆ. ಹಾವಸೆಯು ಮಣ್ಣಿನ ಮೇಲಿನ ತೆಳುಹೊದಿಕೆ ಮಾತ್ರ. ಅದನ್ನು ದಪ್ಪನಾಗಿ ಮೆತ್ತಿ ಬುಡಗಳನ್ನು ಉಸಿರುಗಟ್ಟಿಸುವುದು ಮೇಲೆ ಹೇಳಿದ ಕೊಕೆದಮದ ಗೊಂದಲದಿಂದಲೇ ಹುಟ್ಟಿದ ತಪ್ಪು ಎಂದು ನನಗನಿಸುತ್ತದೆ.

ನೆಟ್ಟ ದಿನವೇ ಕುಸಮೊನೊ ಸಿದ್ಧವಾಯಿತೆಂದು ಪ್ರದರ್ಶನಕ್ಕೆ ಒಯ್ಯುವವರಿಗಾಗಿ ಇನ್ನೊಂದು ಪದವಿದೆ: ‘ಮೊಚಿಕೊಮಿ’. ವರ್ಷಗಟ್ಟಲೆ ಅದೇ ಕುಂಡದಲ್ಲಿ ಬಾಳಿದ ಗಿಡಕ್ಕೆ ಬರುವ ಮಾಗಿದ ಗುಣವೇ ಅದು. ಬೇರು ಕುಂಡವನ್ನೆಲ್ಲ ತುಂಬಿ, ಎಲೆಗಳು ಕಿರಿದಾಗಿ, ಎಲ್ಲಿಂದಲೋ ಹಾರಿಬಂದ ಬೀಜವೊಂದು ನಡುವೆ ಮೊಳೆತು, ನೆಟ್ಟ ಗಿಡಗಳಾವುವು, ತಾವಾಗಿ ಬಂದವಾವುವು ಎಂದು ಬೇರ್ಪಡಿಸಲಾಗದ ಹೊತ್ತಿಗೆ ಅದು ಕಾಣಿಸಿಕೊಳ್ಳುತ್ತದೆ.