ಮೊದಲ ಕ್ರೂಸ್: ಹಡಗಿಗಿಂತ ಮೊದಲು ಮೆಟ್ಟಿಲು ನೋಡಿ

ನಿವೃತ್ತಿಯ ನಂತರ ಒಮ್ಮೆಯಾದರೂ ಕ್ರೂಸ್ ಹೋಗಿಬರಬೇಕೆಂದು ನಮ್ಮ ಕಚೇರಿಗೆ ಬರುವ ದಂಪತಿಗಳಲ್ಲಿ ಹೆಚ್ಚಿನವರು ಹಡಗಿನ ಹೆಸರನ್ನು ಆಗಲೇ ಗೊತ್ತುಮಾಡಿಕೊಂಡು ಬಂದಿರುತ್ತಾರೆ. ಮಗನೋ ಮಗಳೋ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕಳಿಸಿರುತ್ತಾರೆ. ನೀರಿನ ಜಾರುಬಂಡೆ, ರಂಗಮಂದಿರ, ಹತ್ತಾರು ಅಂತಸ್ತುಗಳು ಎಲ್ಲವೂ ಅದರಲ್ಲಿರುತ್ತವೆ. ನಾನು ಕೇಳುವ ಪ್ರಶ್ನೆಗಳು ಅವರಿಗೆ ಸ್ವಲ್ಪ ವಿಚಿತ್ರವೆನಿಸುತ್ತವೆ. ಮನೆಯ ಮೆಟ್ಟಿಲಿಳಿಯುವಾಗ ಇಬ್ಬರಲ್ಲಿ ಯಾರು ಕಂಬಿ ಹಿಡಿಯುತ್ತಾರೆ? ರಾತ್ರಿ ಬಚ್ಚಲಿಗೆಂದು ಎಷ್ಟು ಸಲ ಏಳುತ್ತಾರೆ? ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಟ್ಟ ಇಳಿಯುವಾಗ ಯಾರಿಗೆ ಹೊಟ್ಟೆ ತೊಳಸುತ್ತದೆ? ಈ ಮೂರಕ್ಕೆ ನಿಜವಾದ ಉತ್ತರ ಸಿಕ್ಕಿದರೆ ಯಾವ ಬಂದರು, ಯಾವ ಕೋಣೆ, ಯಾವ ತಿಂಗಳು ಎಂಬುದು ಬಹುಮಟ್ಟಿಗೆ ತೀರ್ಮಾನವಾದಂತೆಯೇ. ಹಡಗಿನ ಹೆಸರು ಕೊನೆಗೆ ತಾನಾಗಿ ಹೊರಬರುತ್ತದೆ.

ಹಿರಿಯರಿಗೆ ಕ್ರೂಸಿನಲ್ಲಿ ಹೆಚ್ಚು ಕಷ್ಟವಾಗುವುದು ಹಡಗಿನಿಂದ ಇಳಿದು ಮತ್ತೆ ಹತ್ತುವಾಗ. ಕೆಲವು ಬಂದರುಗಳಲ್ಲಿ ಹಡಗು ನೇರವಾಗಿ ಧಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ತಾಗಿ ನಿಲ್ಲುತ್ತದೆ, ಪ್ರಯಾಣಿಕರು ಇಳಿಜಾರು ಸೇತುವೆಯ ಮೇಲೆ ನಡೆದುಕೊಂಡು ಹೊರಬರುತ್ತಾರೆ, ಗಾಲಿಕುರ್ಚಿಯೂ ಸಾಗುತ್ತದೆ. ಇನ್ನು ಕೆಲವೆಡೆ ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ಅಲ್ಲಿಂದ ದಡಕ್ಕೆ ಟೆಂಡರ್ ಎಂದು ಕರೆಯುವ ಸಣ್ಣ ದೋಣಿಗಳಲ್ಲಿ ಹೋಗಬೇಕು. ಹಡಗು ನಿಶ್ಚಲವಾಗಿ ನಿಂತಿದ್ದರೂ ದೋಣಿ ಅಲೆಯೊಂದಿಗೆ ಏರಿ ಇಳಿಯುತ್ತಿರುತ್ತದೆ, ಅದು ಏರಿದ ಕ್ಷಣಕ್ಕೆ ಸರಿಯಾಗಿ ಕಾಲಿಡಬೇಕು. ಇಬ್ಬರು ಸಿಬ್ಬಂದಿ ತೋಳು ಹಿಡಿದುಕೊಳ್ಳುತ್ತಾರೆ, ನಿಜ. ಆದರೆ ಮಂಡಿ ಶಸ್ತ್ರಚಿಕಿತ್ಸೆಯಾದವರಿಗೂ ತಲೆಸುತ್ತು ಇರುವವರಿಗೂ ಆ ಒಂದು ಹೆಜ್ಜೆಯೇ ಇಡೀ ಪ್ರವಾಸದ ಸಂತೋಷವನ್ನು ಕೆಡಿಸಬಲ್ಲದು. ಆದ್ದರಿಂದ ಮುಂಗಡ ಹಣ ಕಟ್ಟುವ ಮೊದಲು, ಪ್ರತಿ ಬಂದರಿನಲ್ಲೂ ಹಡಗು ಧಕ್ಕೆಗೆ ಬರುತ್ತದೆಯೋ ಇಲ್ಲವೋ ಎಂದು ಏಜೆಂಟರನ್ನು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಲಕ್ಷದ್ವೀಪದ ವಿಷಯವನ್ನು ನಾನು ಪ್ರತ್ಯೇಕವಾಗಿ ಹೇಳುವುದಕ್ಕೆ ಇದೇ ಕಾರಣ. ಹವಳದ ದಂಡೆಯೊಳಗಿನ ಆಳವಿಲ್ಲದ ನೀರಿಗೆ ದೊಡ್ಡ ಹಡಗು ಬರಲಾಗದು. ಮುಂಬೈಯಿಂದ ಹೊರಡುವ ಕ್ರೂಸ್ ಹಡಗಾಗಲಿ, ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತ ನಡೆಸುವ ಸಮುದ್ರಂ ಪ್ರವಾಸದ ಹಡಗಾಗಲಿ ಹೊರಗೆ ನಿಂತು ಜನರನ್ನು ದೋಣಿಗೆ ದಾಟಿಸುವುದೇ ರೂಢಿ. ಆ ನೀರಿನ ಬಣ್ಣಕ್ಕೆ ಮನಸೋಲದವರಿಲ್ಲ, ಆದರೆ ಕಾಲು ಗಟ್ಟಿಯಿಲ್ಲದವರಿಗೆ ಇದನ್ನು ಮೊದಲ ಯಾನವಾಗಿ ನಾನು ಸೂಚಿಸುವುದಿಲ್ಲ. ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಎರಡು ರಾತ್ರಿಯ ಯಾನವನ್ನು ಪರೀಕ್ಷೆಗೆಂದು ಆರಿಸಿಕೊಳ್ಳುವವರೂ ಇದ್ದಾರೆ. ಅದರಲ್ಲಿ ಮೊದಲ ಮಧ್ಯಾಹ್ನ ತಪಾಸಣೆಯ ಸಾಲಿನಲ್ಲಿ ಕಳೆಯುತ್ತದೆ, ಕೊನೆಯ ಬೆಳಿಗ್ಗೆ ಪೆಟ್ಟಿಗೆ ಕಟ್ಟುವುದರಲ್ಲಿ ಮುಗಿಯುತ್ತದೆ. ವಾರಾಂತ್ಯವಾದರೆ ಸಂಗೀತದ ಅಬ್ಬರವೂ ಜೊತೆಗಿರುತ್ತದೆ. ಮೂರರಿಂದ ಐದು ರಾತ್ರಿ, ವಾರದ ಮಧ್ಯೆ ಹೊರಡುವಂಥದ್ದು, ಮೊದಲ ಬಾರಿಗೆ ಹದವಾದ ಅಳತೆ ಎಂಬುದು ನನ್ನ ಅಭಿಪ್ರಾಯ.

ಆ ಅಳತೆಗೆ ಬೆಂಗಳೂರಿನವರಿಗೆ ಒಗ್ಗುವ ಊರು ಸಿಂಗಪುರ. ವಿಮಾನದಲ್ಲಿ ನಾಲ್ಕೂವರೆ ಗಂಟೆಯ ಹಾದಿ, ಗಡಿಯಾರದಲ್ಲಿ ಎರಡೂವರೆ ಗಂಟೆಯ ವ್ಯತ್ಯಾಸ, ವಿಮಾನ ನಿಲ್ದಾಣದಿಂದ ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆಯ ಆಸುಪಾಸು. ಅಲ್ಲಿಂದ ಹೊರಡುವ ಸಣ್ಣ ಯಾನಗಳಲ್ಲಿ ಸಾಮಾನ್ಯವಾಗಿ ಮಲೇಷ್ಯಾದ ಪೆನಾಂಗ್ ಮತ್ತು ಪೋರ್ಟ್ ಕ್ಲಾಂಗ್, ಥಾಯ್ಲೆಂಡಿನ ಫುಕೆಟ್ ಇವುಗಳಲ್ಲಿ ಒಂದೋ ಎರಡೋ ಇರುತ್ತವೆ. ಮೂರೂ ಒಂದೇ ಬಗೆಯವಲ್ಲ. ಪೆನಾಂಗಿನಲ್ಲಿ ಹಡಗು ಸ್ವೆಟ್ಟನ್‌ಹ್ಯಾಮ್ ಧಕ್ಕೆಗೆ ತಾಗಿ ನಿಲ್ಲುತ್ತದೆ. ಹೊರಬಂದರೆ 2008ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಜಾರ್ಜ್ ಟೌನ್ ಎದುರಿಗೇ ಇದೆ. ಲಿಟಲ್ ಇಂಡಿಯಾ, ಮಹಾಮಾರಿಯಮ್ಮನ ಗುಡಿ, ಬಾಳೆಎಲೆ ಊಟದ ಹೋಟೆಲುಗಳು ಎಲ್ಲವೂ ಸ್ವಲ್ಪ ದೂರದಲ್ಲೇ ಸಿಗುತ್ತವೆ, ದಣಿವಾದರೆ ಯಾವ ಗಳಿಗೆಯಲ್ಲೂ ಹಡಗಿಗೆ ಮರಳಬಹುದು. ಪೋರ್ಟ್ ಕ್ಲಾಂಗಿನಲ್ಲೂ ಧಕ್ಕೆಯಿದೆ, ಆದರೆ ಕೌಲಾಲಂಪುರ ಅಲ್ಲಿಂದ ಒಂದು ಗಂಟೆಗೂ ಮೀರಿದ ರಸ್ತೆಯ ದೂರ. ಬಟು ಗುಹೆಯ ಸುಬ್ರಹ್ಮಣ್ಯನ ದರ್ಶನವನ್ನೂ ಅದೇ ದಿನಕ್ಕೆ ಸೇರಿಸಿಕೊಂಡರೆ 272 ಮೆಟ್ಟಿಲುಗಳನ್ನು ಬಿಸಿಲಿನಲ್ಲಿ ಹತ್ತಬೇಕಾಗುತ್ತದೆ. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಹಲವು ಬಾರಿ ಪಟಾಂಗ್ ಕಡಲತೀರದೆದುರು ಲಂಗರು ಹಾಕಿ ಟೆಂಡರ್‌ನಲ್ಲಿ ಇಳಿಸುತ್ತವೆ. ಮೂರು ರಾತ್ರಿಯ ಪೆನಾಂಗ್ ಯಾನ ಸಿಕ್ಕಿದರೆ ಅದನ್ನೇ ಹಿಡಿಯಿರಿ ಎಂದು ನಾನು ಹೇಳುವುದು ಇದರಿಂದ.

ತಿಂಗಳ ವಿಚಾರವೂ ಇಲ್ಲಿಯೇ ಸೇರುತ್ತದೆ. ಸುಮಾತ್ರ ಮತ್ತು ಮಲಯ ಪರ್ಯಾಯ ದ್ವೀಪದ ನಡುವಿನ ಮಲಾಕಾ ಜಲಸಂಧಿಗೆ ಎರಡೂ ಕಡೆ ನೆಲದ ಆಸರೆ ಇರುವುದರಿಂದ ಅಲ್ಲಿ ಅಲೆ ಹೆಚ್ಚಾಗಿ ಏಳುವುದಿಲ್ಲ. ಫುಕೆಟ್ ಇರುವ ಅಂಡಮಾನ್ ಕಡಲು ತೆರೆದದ್ದು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನೈರುತ್ಯ ಮಾರುತ ಅದನ್ನು ಕಲಕುತ್ತಿರುತ್ತದೆ. ನಮ್ಮ ಅರಬ್ಬಿ ಸಮುದ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗಿರುತ್ತದೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಸಿಂಗಪುರದ ಶಾಲಾ ರಜೆ ಬೀಳುವ ಜೂನ್ ಮತ್ತು ಡಿಸೆಂಬರ್, ನಮ್ಮ ಮಕ್ಕಳ ರಜೆಯ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಲಿಫ್ಟಿನ ಮುಂದೆಯೂ ಊಟದ ಸಾಲಿನಲ್ಲೂ ಕಾಯುವುದು ತಪ್ಪದು. ಫೆಬ್ರುವರಿ ಕೊನೆ ಅಥವಾ ಮಾರ್ಚ್ ಮೊದಲ ಭಾಗ ಹಿರಿಯರಿಗೆ ನೆಮ್ಮದಿಯ ಕಾಲ.

ಇನ್ನು ಕೋಣೆ. ಹಣ ಉಳಿಸಬೇಕೆಂದರೆ ಬೇರೆ ಎಲ್ಲಿಯಾದರೂ ಉಳಿಸಿ, ಕೋಣೆಯ ಜಾಗದಲ್ಲಿ ಬೇಡ. ಸಿಂಗಪುರದಿಂದ ಓಡುವ ಗೆಂಟಿಂಗ್ ಡ್ರೀಮ್ ಸುಮಾರು 335 ಮೀಟರ್ ಉದ್ದದ ಹಡಗು. ಕೋಣೆ ಒಂದು ತುದಿಯಲ್ಲಿ, ಊಟದ ಮನೆ ಇನ್ನೊಂದು ತುದಿಯಲ್ಲಿ ಆಯಿತೆಂದರೆ ಮೂರು ಹೊತ್ತಿನ ಊಟಕ್ಕೆ ಹೋಗಿಬರುವುದೇ ಒಂದೂವರೆ ಕಿಲೋಮೀಟರ್ ನಡಿಗೆಯಾಗುತ್ತದೆ. ಹಡಗು ತೂಗುವುದು ಮೂತಿಯಲ್ಲಿ, ಹಿಂತುದಿಯಲ್ಲಿ ಮತ್ತು ಮೇಲಿನ ಅಂತಸ್ತುಗಳಲ್ಲಿ ಹೆಚ್ಚು. ಉದ್ದಕ್ಕೂ ಎತ್ತರಕ್ಕೂ ನಡುವಿಗೆ, ಕೆಳಗಿನ ಅಂತಸ್ತುಗಳಿಗೆ ಬಂದಷ್ಟೂ ಕಡಿಮೆ. ತೊಟ್ಟಿಲ ತುದಿ ತೂಗುವಷ್ಟು ಅದರ ನಡು ತೂಗುವುದಿಲ್ಲವಲ್ಲ, ಹಾಗೆ. ಆದ್ದರಿಂದ ಲಿಫ್ಟಿನಿಂದ ನಾಲ್ಕೈದು ಬಾಗಿಲು ಆಚೆಗೆ, ಹಡಗಿನ ನಡುಭಾಗದಲ್ಲಿ, ಮೇಲೆಯೂ ಕೆಳಗೆಯೂ ಮಲಗುವ ಕೋಣೆಗಳೇ ಇರುವ ಅಂತಸ್ತನ್ನು ಆರಿಸಬೇಕು. ಈಜುಕೊಳದ ಕೆಳಗಿನ ಕೋಣೆ ಕೊಟ್ಟರೆ ಬೆಳಗಿನ ಜಾವಕ್ಕೇ ಕುರ್ಚಿ ಎಳೆಯುವ ಸದ್ದಿಗೆ ಎಚ್ಚರವಾಗುತ್ತದೆ. ಅಗ್ಗದ ದರದಲ್ಲಿ ಗ್ಯಾರಂಟಿ ಕ್ಯಾಬಿನ್ ಎಂದು ಮಾರುವುದರಲ್ಲಿ ಗ್ಯಾರಂಟಿ ಇರುವುದು ಕೋಣೆಗೆ ಮಾತ್ರ, ಅದರ ಜಾಗವನ್ನು ಕಂಪನಿಯೇ ನಿರ್ಧರಿಸುತ್ತದೆ. ಯುವಕರು ಬೇಕಾದರೆ ತೆಗೆದುಕೊಳ್ಳಲಿ.

ಕಿಟಕಿಯೇ ಇಲ್ಲದ ಒಳಗಿನ ಕೋಣೆ ದರದಲ್ಲಿ ಕಡಿಮೆ. ದೀಪ ಆರಿಸಿದರೆ ಅಲ್ಲಿ ಹಗಲೋ ರಾತ್ರಿಯೋ ತಿಳಿಯದಷ್ಟು ಕತ್ತಲು. ರಾತ್ರಿ ಎರಡು ಮೂರು ಸಲ ಏಳುವವರಿಗೆ, ಮರೆವು ಶುರುವಾಗಿರುವವರಿಗೆ ಅದು ಹೇಳಿಸಿದ್ದಲ್ಲ. ಬಾಲ್ಕನಿಗೆ ಹೆಚ್ಚು ಕೊಡಬೇಕೇ ಎಂದು ಕೇಳಿದರೆ, ಕೊಡಬಹುದು ಎನ್ನುತ್ತೇನೆ, ಏಕೆಂದರೆ ಮೇಲಿನ ಗದ್ದಲ ಬೇಡವೆನಿಸಿದಾಗ ಇಬ್ಬರೂ ಕುಳಿತು ಕಡಲು ನೋಡಲು ಅದೊಂದೇ ಸ್ವಂತ ಜಾಗ. ಹೊಟ್ಟೆ ತೊಳಸುವವರಿಗೆ ಮಾತ್ರ ಕೆಳ ಅಂತಸ್ತಿನ, ನಡುಭಾಗದ, ತೆರೆಯಲಾಗದ ಕಿಟಕಿಯ ಕೋಣೆಯೇ ಲೇಸು. ಅನೇಕ ಹಡಗುಗಳಲ್ಲಿ ಬಚ್ಚಲ ಬಾಗಿಲಿಗೆ ಎತ್ತರದ ಹೊಸ್ತಿಲಿರುತ್ತದೆ, ನಿದ್ದೆಗಣ್ಣಿನಲ್ಲಿ ಎಡವುವುದು ಅಲ್ಲಿಯೇ. ಮನೆಯಿಂದ ಒಂದು ಸಣ್ಣ ರಾತ್ರಿದೀಪ ಒಯ್ಯಿರಿ. ಗಾಲಿಕುರ್ಚಿ ಬಳಸುವವರಿಗೆ ಹೊಸ್ತಿಲಿಲ್ಲದ, ಅಗಲ ಬಾಗಿಲಿನ ಕೋಣೆಗಳು ಪ್ರತಿ ಹಡಗಿನಲ್ಲೂ ಬೆರಳೆಣಿಕೆಯಷ್ಟೇ ಇರುವುದರಿಂದ ಆರೇಳು ತಿಂಗಳು ಮುಂಚೆ ಕಾಯ್ದಿರಿಸಬೇಕು. ಎರಡು ಹಾಸಿಗೆಗಳನ್ನು ಬೇರೆ ಬೇರೆ ಹಾಕಿಸುವುದಕ್ಕೂ ಆಗಲೇ ಹೇಳಿಡಬೇಕು.

ಕಾಗದಪತ್ರಗಳಲ್ಲಿ ಎಲ್ಲರೂ ಜಾರುವ ಜಾಗ ಒಂದಿದೆ. ಹಡಗು ಮಲೇಷ್ಯಾಕ್ಕೆ ಹೋಗಿ ಸಿಂಗಪುರಕ್ಕೆ ಮರಳಿದಾಗ ನೀವು ಆ ದೇಶವನ್ನು ಎರಡನೆಯ ಬಾರಿ ಪ್ರವೇಶಿಸಿದಂತೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶವಿರುವ ವೀಸಾ ಬೇಕು. ಪಾಸ್‌ಪೋರ್ಟಿಗೆ ಪ್ರವಾಸ ಮುಗಿಯುವ ದಿನದಿಂದಾಚೆಗೆ ಆರು ತಿಂಗಳ ಅವಧಿ ಉಳಿದಿರಬೇಕು. ಇದೇ ಬಗೆಯ ತೊಡಕು ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋದ ತಂದೆತಾಯಿಗಳಿಗೂ ಎದುರಾಗುತ್ತದೆ. ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಾಗ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಕ್ರೂಸ್ ಗೊತ್ತುಮಾಡುವುದು ಅಲ್ಲಿನ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯವಾಗಿದೆ, ಮತ್ತು ಹಿಮನದಿಯನ್ನು ಬಾಲ್ಕನಿಯಿಂದಲೇ ನೋಡಿಸುವ ಆ ಯಾನ ಹಿರಿಯರಿಗೆ ಹೇಳಿಮಾಡಿಸಿದ್ದೂ ಹೌದು. ಆದರೆ 1886ರ ಒಂದು ಅಮೆರಿಕನ್ ಕಾಯ್ದೆಯ ಪ್ರಕಾರ ವಿದೇಶದಲ್ಲಿ ನೋಂದಾಯಿತವಾದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಬರುವಂತಿಲ್ಲ. ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಸಂಜೆಯ ಕೆಲವು ಗಂಟೆಗಳಿಗಾಗಿ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವುದು ಅದಕ್ಕಾಗಿಯೇ. ಮಕ್ಕಳಿಗೆ ಅಮೆರಿಕದ ಪೌರತ್ವವಿದ್ದರೆ ಅವರಿಗೆ ಇದು ಹೊಳೆಯುವುದೇ ಇಲ್ಲ, ಭಾರತೀಯ ಪಾಸ್‌ಪೋರ್ಟಿನ ತಂದೆತಾಯಿಗೆ ಕೆನಡಾದ ವೀಸಾ ಬೇಕಾಗುತ್ತದೆ. ಟಿಕೆಟಿಗೆ ಮೊದಲು ಆ ವೀಸಾ ಕೈಗೆ ಬರಲಿ. ಅಮೆರಿಕದ ವೀಸಾ ಕೂಡ ಮರುಪ್ರವೇಶಕ್ಕೆ ಅವಕಾಶವಿರುವಂಥದ್ದೇ ಎಂದು ನೋಡಿಕೊಳ್ಳಿ.

ಆರೋಗ್ಯದ ವಿಷಯದಲ್ಲಿ ಹಡಗಿನ ವೈದ್ಯರ ಮೇಲೆ ಎಷ್ಟು ಭರವಸೆಯಿಡಬಹುದು ಎಂಬುದನ್ನು ಅಳೆದು ನೋಡಬೇಕು. ದೊಡ್ಡ ಹಡಗುಗಳಲ್ಲಿ ವೈದ್ಯರು, ದಾದಿಯರು, ಇಸಿಜಿ, ಆಮ್ಲಜನಕ ಇರುತ್ತವೆ, ತುರ್ತಿಗೆ ಅಷ್ಟು ಸಾಕು. ಆಂಜಿಯೋಪ್ಲಾಸ್ಟಿಯಂಥದ್ದು ಬೇಕಾದರೆ ಮುಂದಿನ ಬಂದರಿನ ಆಸ್ಪತ್ರೆಯೇ ಗತಿ. ಹಡಗಿನ ವೈದ್ಯರ ತಪಾಸಣೆಗೆ ಹಣ ಪ್ರತ್ಯೇಕ, ಅದು ಡಾಲರ್ ಲೆಕ್ಕದಲ್ಲಿ ನಿಮ್ಮ ಬಿಲ್ಲಿಗೆ ಸೇರುತ್ತದೆ, ನೀವು ಕಟ್ಟಿ ರಸೀದಿ ತಂದು ವಿಮೆಯಿಂದ ಪಡೆಯಬೇಕು. ಆದ್ದರಿಂದ ಪ್ರಯಾಣ ವಿಮೆಯಲ್ಲಿ ಹಡಗಿನ ಪ್ರಯಾಣವೂ ರೋಗಿಯನ್ನು ತುರ್ತಾಗಿ ಸಾಗಿಸುವ ವೆಚ್ಚವೂ ಸೇರಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಾಕಿಸಿಕೊಂಡ ಸ್ಟೆಂಟ್ ಇವನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕಂತು ಕಡಿಮೆಯಾದೀತು, ಕ್ಲೇಮ್ ತಿರಸ್ಕಾರವಾಗುವ ದಾರಿಯೂ ಅದೇ. ಹಳೆಯ ಕಾಯಿಲೆಗೆ ಪ್ರಾಣಾಪಾಯವಾದಾಗ ಮಾತ್ರ ಕೊಡುತ್ತೇವೆ ಎಂಬ ಷರತ್ತು ಎಷ್ಟೋ ಪಾಲಿಸಿಗಳಲ್ಲಿದೆ. ಅದನ್ನು ಕೊಳ್ಳುವಾಗಲೇ ಓದಿಸಿಕೊಳ್ಳಿ.

ವಾಂತಿ ತಡೆಯುವ ಮಾತ್ರೆಯ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ಬಸ್ಸಿನಲ್ಲಿ ತೆಗೆದುಕೊಂಡು ರೂಢಿಯಿದೆಯೆಂದು ಅವೊಮಿನ್ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಬರುವವರು ಬಹಳ ಮಂದಿ. ಆ ಬಗೆಯ ಔಷಧಗಳು ವಯಸ್ಸಾದವರಲ್ಲಿ ಮಂಪರು, ಗಲಿಬಿಲಿ ತರಬಲ್ಲವು. ಪ್ರಾಸ್ಟೇಟ್ ದೊಡ್ಡದಾಗಿರುವವರಿಗೆ ಮೂತ್ರ ಕಟ್ಟಬಹುದು, ಗ್ಲಾಕೋಮಾ ಇರುವವರಿಗೆ ತೊಂದರೆಯಾಗಬಹುದು. ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ ಅವರು ಬರೆದುಕೊಟ್ಟದ್ದನ್ನೇ ಒಯ್ಯಿರಿ. ದಿನನಿತ್ಯದ ಔಷಧಗಳು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ, ಏಕೆಂದರೆ ಧಕ್ಕೆಯಲ್ಲಿ ಒಪ್ಪಿಸಿದ ಪೆಟ್ಟಿಗೆ ಕೋಣೆಗೆ ಬರುವುದು ಸಂಜೆಯಾದ ಮೇಲೂ ಆಗಬಹುದು. ಹೊಟ್ಟೆಯ ಸೋಂಕು ಹಡಗುಗಳಲ್ಲಿ ಬೇಗ ಹಬ್ಬುತ್ತದೆ. ಅದನ್ನು ತರುವ ನೋರೋವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ಹಚ್ಚಿ ಕೈ ತೊಳೆಯಬೇಕು.

ಊಟದ ಚಿಂತೆ ನಮ್ಮವರಿಗೆ ಅಗತ್ಯಕ್ಕಿಂತ ಹೆಚ್ಚು. ಸಿಂಗಪುರದ ಹಡಗುಗಳಲ್ಲಿ ಭಾರತೀಯರು ಸಾಕಷ್ಟಿರುವುದರಿಂದ ಅನ್ನ, ಬೇಳೆ, ಮೊಸರು ಸಿಗುತ್ತವೆ. ಶುದ್ಧ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಬೇಕಾದವರು ಕಾಯ್ದಿರಿಸುವಾಗಲೇ ಬರೆಸಿ, ಹತ್ತಿದ ದಿನ ಊಟದ ಮನೆಯ ಮೇಲ್ವಿಚಾರಕರಿಗೆ ಇನ್ನೊಮ್ಮೆ ಹೇಳಬೇಕು. ಚಟ್ನಿಪುಡಿ, ಕೋಡುಬಳೆ ಒಯ್ಯಲಿ. ಎಲೆಕ್ಟ್ರಿಕ್ ಕೆಟಲ್, ಸಣ್ಣ ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ಬೇಡ, ಬೆಂಕಿಯ ಭಯಕ್ಕೆ ಇವನ್ನು ತಪಾಸಣೆಯಲ್ಲಿ ತೆಗೆದಿರಿಸಿಕೊಳ್ಳುತ್ತಾರೆ.

ಖರ್ಚಿನಲ್ಲಿ ಜಾಹೀರಾತಿನ ದರ ಮೊದಲ ಅಂಕಿ ಮಾತ್ರ. ಬಂದರು ಶುಲ್ಕ, ಭಕ್ಷೀಸು, ವೈಫೈ, ದಡದ ಸುತ್ತಾಟ ಎಲ್ಲವೂ ಅದರ ಮೇಲೆ. ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ಭಕ್ಷೀಸೇ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಗುತ್ತದೆ. ಹಡಗಿನೊಳಗೆ ನಗದು ನಡೆಯುವುದಿಲ್ಲ, ಕೋಣೆಯ ಕಾರ್ಡಿಗೆ ಬ್ಯಾಂಕ್ ಕಾರ್ಡ್ ಜೋಡಿಸಬೇಕು; ಡೆಬಿಟ್ ಕಾರ್ಡ್ ಕೊಟ್ಟರೆ ಅವರು ತಡೆಹಿಡಿದ ಮೊತ್ತ ಬಿಡುಗಡೆಯಾಗಲು ದಿನಗಳೇ ಹಿಡಿಯುತ್ತವೆ. ಕ್ರೆಡಿಟ್ ಕಾರ್ಡಿನ ವಿದೇಶಿ ಬಳಕೆಯನ್ನು ಊರಿನಲ್ಲೇ ತೆರೆಸಿಡಿ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರೇ ಮೂಲದಲ್ಲಿ ಸಂಗ್ರಹಿಸುವ ತೆರಿಗೆಯಾದ ಟಿಸಿಎಸ್ ಮೊತ್ತವನ್ನು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಹಿಂಪಡೆಯಬಹುದು ಎಂಬುದು ಪಿಂಚಣಿದಾರರಲ್ಲಿ ಅನೇಕರಿಗೆ ತಿಳಿದಿಲ್ಲ.

ಹಡಗು ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವ ಯೋಜನೆಯನ್ನು ನಾನು ಒಪ್ಪುವುದಿಲ್ಲ. ವಿಮಾನ ತಡವಾದರೆ ಹಡಗು ಕಾಯದು. ಹಿಂದಿನ ದಿನ ಬಂದು ಒಂದು ರಾತ್ರಿ ಮಲಗಿ ಎದ್ದು ಹತ್ತಬೇಕು. ಹತ್ತಿದ ಮೇಲೆ ಮೊದಲ ಕೆಲಸ ಸುರಕ್ಷತಾ ಕವಾಯತು. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕೋರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದ ರಾತ್ರಿ, ಅದೇ ದಿನ ಹತ್ತಿದ್ದ ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ನಡೆಯಬೇಕೆಂಬ ಅಂತರರಾಷ್ಟ್ರೀಯ ನಿಯಮ 2015ರಿಂದ ಜಾರಿಯಲ್ಲಿದೆ. ಅಪಾಯದಲ್ಲಿ ಲಿಫ್ಟ್ ಬಳಸುವಂತಿಲ್ಲವಾದ್ದರಿಂದ, ಮೆಟ್ಟಿಲು ಹತ್ತಿಳಿಯಲಾರದವರು ಅಂದೇ ಸಿಬ್ಬಂದಿಗೆ ಹೇಳಿ ಹೆಸರು ಬರೆಸಬೇಕು.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ, ಅವು ಮತ್ತೆ ಸಿಗುವುದು ಧಕ್ಕೆಯ ಮೇಲೆ. ಮರುದಿನದ ಬಟ್ಟೆ, ಚಪ್ಪಲಿ, ಕನ್ನಡಕ, ಬೆಳಗಿನ ಮಾತ್ರೆಗಳು ಕೈಚೀಲದಲ್ಲಿ ಉಳಿಯಲಿ. ಗಾಲಿಕುರ್ಚಿ ಕೇಳಿದವರನ್ನು ಸರದಿಯ ಪ್ರಕಾರ ಇಳಿಸುವುದರಿಂದ ಸಮಯ ಹಿಡಿಯುತ್ತದೆ, ವಲಸೆ ತಪಾಸಣೆಯ ಸಾಲೂ ಇರುತ್ತದೆ. ಹಡಗು ಬೆಳಿಗ್ಗೆ ಬಂದರೂ ಬೆಂಗಳೂರಿಗೆ ಮರಳುವ ವಿಮಾನವನ್ನು ಮಧ್ಯಾಹ್ನ ಮೂರರ ನಂತರಕ್ಕೇ ಗೊತ್ತುಮಾಡಿ.