ಬ್ಯಾಕಪ್ ಲಾಗ್ ಓದುವುದು: 403 ಮತ್ತು ಸರಿಯಾಗಿ ಕಂಡ ಗಡಿಯಾರ

ಕ್ಲೌಡ್ ಬ್ಯಾಕಪ್ ಕೈಕೊಟ್ಟಾಗ ಲಾಗ್ ಫೈಲ್ ಹೇಗೆ ಓದಬೇಕು ಅಂತ ಮೊನ್ನೆಯಷ್ಟೇ ಪೆಟ್ಟು ತಿಂದು ಕಲಿತೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಬಕೆಟ್ ಮಾಡುವುದು, ಕೀ ಹಾಕುವುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಇಲ್ಲಿ ಹೇಳುವ ಎರರ್ ಹೆಸರುಗಳು ಎಸ್3 (ಅಮೆಜಾನ್‌ನ ಕ್ಲೌಡ್ ಸ್ಟೋರೇಜ್) ಮಾದರಿಯ ಸ್ಟೋರೇಜ್‌ನವು. ಬೇರೆ ಕಡೆ ಹೆಸರು ಬದಲಾಗಬಹುದು, ಓದುವ ರೀತಿ ಬದಲಾಗುವುದಿಲ್ಲ.

ಯಾವ ಲಾಗ್?

ಎರಡು ಕಡೆ ಲಾಗ್ ಇರುತ್ತದೆ. ಒಂದು, ನಮ್ಮ ಕಂಪ್ಯೂಟರಿನಲ್ಲಿ ಬ್ಯಾಕಪ್ ಟೂಲ್ ಬರೆಯುವುದು. ಇನ್ನೊಂದು, ಸ್ಟೋರೇಜ್ ಕಡೆ ದಾಖಲಾಗುವುದು. ಎರಡನೆಯದು ತಾನಾಗಿ ಸಿಗುವುದಿಲ್ಲ. ಎಸ್3ಯಲ್ಲಿ ಸರ್ವರ್ ಆಕ್ಸೆಸ್ ಲಾಗ್ ಅನ್ನು ನಾವೇ ಆನ್ ಮಾಡಬೇಕು. ಅಮೆಜಾನ್ ಖಾತೆಯಲ್ಲಿ ಯಾರು ಏನು ಮಾಡಿದರು ಅಂತ ದಾಖಲಿಸುವ ಕ್ಲೌಡ್‌ಟ್ರೇಲ್‌ನಲ್ಲೂ ಅಷ್ಟೇ, ಒಂದೊಂದು ಫೈಲ್ ಹಾಕಿದ್ದು, ತೆಗೆದದ್ದು ಕಾಣಬೇಕೆಂದರೆ ಡೇಟಾ ಇವೆಂಟ್‌ಗಳನ್ನು ಬೇರೆಯಾಗಿ ಆನ್ ಮಾಡಬೇಕು. ತೊಂದರೆ ಆದ ಮೇಲೆ ಆನ್ ಮಾಡಿದರೆ ಹಿಂದಿನದು ಸಿಗುವುದಿಲ್ಲ.

ಆಕ್ಸೆಸ್ ಲಾಗ್ ಬರುವುದು ಕೆಲವು ಗಂಟೆ ತಡವಾಗಿ. ಕೆಲವು ಸಾಲು ಬಾರದೆಯೂ ಇರಬಹುದು. ಹಾಗಾಗಿ "ಅಲ್ಲಿ ಸಾಲು ಕಾಣ್ತಿಲ್ಲ, ರಿಕ್ವೆಸ್ಟ್ ಹೋಗಿಯೇ ಇಲ್ಲ" ಅಂತ ತೀರ್ಮಾನಕ್ಕೆ ಬರಬೇಡಿ.

403: ನಾನು ಮೂರು ದಿನ ಕಳೆದ ಜಾಗ

ರಾತ್ರಿಯ ಬ್ಯಾಕಪ್ ನಿಂತುಹೋಗಿತ್ತು. ಲಾಗ್ ಫೈಲಿನಲ್ಲಿ ಗ್ರೆಪ್ (ಪದ ಇರುವ ಸಾಲುಗಳನ್ನು ಹುಡುಕಿಕೊಡುವ ಕಮಾಂಡ್) ಮಾಡಿ 403 ಹುಡುಕಿದೆ. ಸಾಲುಸಾಲು ಸಿಕ್ಕಿತು. 403 ಅಂದರೆ "ನಿನಗೆ ಅನುಮತಿ ಇಲ್ಲ" ಅಂತ ಎಲ್ಲೋ ಓದಿದ್ದೆ. ಸರಿ, ಅನುಮತಿ ಹಿಂದೆ ಬಿದ್ದೆ. ಬಕೆಟ್ ಪಾಲಿಸಿ ತಿದ್ದಿದೆ. ಹೊಸ ಕೀ ಮಾಡಿದೆ. ಒಂದು ಹಂತದಲ್ಲಿ ಆ ಯೂಸರ್‌ಗೆ ಎಲ್ಲ ಅಧಿಕಾರವನ್ನೂ ಕೊಟ್ಟುಬಿಟ್ಟೆ (ದಯವಿಟ್ಟು ಹೀಗೆ ಮಾಡಬೇಡಿ). ಆದರೂ 403.

ತಪ್ಪು ಎಲ್ಲಿತ್ತು ಅಂದರೆ, 403 ಬರೀ ನಂಬರ್. ಕಾರಣ ಇರುವುದು ಅದರ ಜೊತೆ ಬರುವ ಎರರ್ ಕೋಡ್ ಪದದಲ್ಲಿ. ಒಂದೇ 403 ಅಡಿಯಲ್ಲಿ ಬೇರೆ ಬೇರೆ ಕಾಯಿಲೆಗಳಿವೆ. ಆಕ್ಸೆಸ್‌ಡಿನೈಡ್ ಅಂದರೆ ನಿಜಕ್ಕೂ ಅನುಮತಿ ಸಮಸ್ಯೆ. ಇನ್‌ವ್ಯಾಲಿಡ್‌ಆಕ್ಸೆಸ್‌ಕೀಐಡಿ ಅಂದರೆ ಆ ಕೀ ಅಲ್ಲಿ ಇಲ್ಲವೇ ಇಲ್ಲ. ಸಿಗ್ನೇಚರ್‌ಡಸ್‌ನಾಟ್‌ಮ್ಯಾಚ್ ಅಂದರೆ ಹೆಚ್ಚಾಗಿ ಸೀಕ್ರೆಟ್ ಕೀ ಅಂಟಿಸುವಾಗ ಒಂದಕ್ಷರ ಬಿಟ್ಟುಹೋಗಿದೆ. ಇನ್ನೊಂದು ಮೋಸದ್ದು: ಫೈಲ್ ಇಲ್ಲದಿದ್ದರೆ 404 ಬರಬೇಕು ಅಲ್ವಾ? ಆದರೆ ಬಕೆಟ್ ಪಟ್ಟಿ ನೋಡುವ ಅನುಮತಿ ನಮಗೆ ಇಲ್ಲದಿದ್ದರೆ, ಇಲ್ಲದ ಫೈಲಿಗೂ ಎಸ್3 403 ಅನ್ನೇ ಕೊಡುತ್ತದೆ.

ನನ್ನ ಲಾಗ್‌ನಲ್ಲಿ ಆ ಪದ 403 ಇದ್ದ ಸಾಲಿನಲ್ಲಿ ಇರಲಿಲ್ಲ, ಅದರ ಕೆಳಗಿನ ಸಾಲುಗಳಲ್ಲಿತ್ತು. ಗ್ರೆಪ್ ಹೊಂದುವ ಸಾಲನ್ನು ಮಾತ್ರ ತೋರಿಸುತ್ತದೆ, ಕೆಳಗಿನದನ್ನು ನುಂಗಿಬಿಡುತ್ತದೆ. ಗ್ರೆಪ್‌ಗೆ ಹೈಫನ್, ದೊಡ್ಡ ಎ, ಆಮೇಲೆ 8 ಅಂತ ಸೇರಿಸಿದರೆ ಕೆಳಗಿನ ಎಂಟು ಸಾಲೂ ಬರುತ್ತವೆ. ಹಾಗೆ ಮಾಡಿದಾಗ ಸಿಕ್ಕ ಪದ: ರಿಕ್ವೆಸ್ಟ್‌ಟೈಮ್‌ಟೂಸ್ಕ್ಯೂಡ್. ರಿಕ್ವೆಸ್ಟಿನ ಸಮಯಕ್ಕೂ ಸರ್ವರ್ ಸಮಯಕ್ಕೂ ತಾಳೆ ಇಲ್ಲ ಅಂತ ಅರ್ಥ.

ಸಮಯಕ್ಕೂ ಅನುಮತಿಗೂ ಏನು ಸಂಬಂಧ? ನಾವು ಕಳಿಸುವ ಪ್ರತಿ ರಿಕ್ವೆಸ್ಟಿಗೂ ಟೂಲ್ ಸೀಕ್ರೆಟ್ ಕೀ ಬಳಸಿ ಸಹಿ ಹಾಕುತ್ತದೆ. ಆ ಸಹಿಯೊಳಗೆ ಸಮಯವೂ ಸೇರಿರುತ್ತದೆ. ಯಾರೋ ನಡುವೆ ಕದ್ದ ಹಳೆಯ ರಿಕ್ವೆಸ್ಟನ್ನು ನಾಳೆ ಮತ್ತೆ ಕಳಿಸಬಾರದು ಅಂತ ಈ ಏರ್ಪಾಡು. ವ್ಯತ್ಯಾಸ 15 ನಿಮಿಷ ಮೀರಿದರೆ ಎಸ್3 ಒಪ್ಪುವುದಿಲ್ಲ. ಎರರ್ ಜೊತೆಗೇ ಮೂರು ವಿವರ ಕೊಡುತ್ತದೆ: ರಿಕ್ವೆಸ್ಟ್‌ಟೈಮ್, ಸರ್ವರ್‌ಟೈಮ್, ಮತ್ತು 900000 ಅನ್ನುವ ಮಿತಿ. ಅದು ಮಿಲಿಸೆಕೆಂಡ್ ಲೆಕ್ಕ, ಅಂದರೆ 900 ಸೆಕೆಂಡ್, ಅಂದರೆ 15 ನಿಮಿಷ.

ಈಗ ಬಂತು ನನ್ನ ತಲೆ ಕೆಟ್ಟ ಜಾಗ. ಇದನ್ನು ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಇಲ್ಲೇ ಎರಡು ಸಲ ಎಡವಿದೆ.

ಕಂಪ್ಯೂಟರಿನ ಗಡಿಯಾರ ನೋಡಿದೆ. ಸರಿಯಾಗಿಯೇ ಇತ್ತು! ಕೈಗಡಿಯಾರಕ್ಕೆ ಹಿಡಿದು ನೋಡಿದರೂ ನಿಮಿಷಕ್ಕೆ ನಿಮಿಷ ಸರಿ. ಮತ್ತೆ ಲಾಗ್ ನೋಡಿದೆ. ರಿಕ್ವೆಸ್ಟ್‌ಟೈಮ್ 12ನೇ ತಾರೀಕು 02:15. ಸರ್ವರ್‌ಟೈಮ್ 11ನೇ ತಾರೀಕು 20:45. ನಡುವೆ ಐದೂವರೆ ಗಂಟೆ. ನನ್ನ ಸ್ಥಳೀಯ ಸಮಯ ಯುಟಿಸಿಗಿಂತ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಐದೂವರೆ ಗಂಟೆ ಮುಂದೆ. "ಓಹ್, ಸರ್ವರ್ ಯುಟಿಸಿಯಲ್ಲಿ ಹೇಳ್ತಿದೆ, ನಾನು ಸ್ಥಳೀಯ ಸಮಯದಲ್ಲಿ ಹೇಳ್ತಿದ್ದೇನೆ, ಇದು ಸಹಜ" ಅಂತ ಸಮಾಧಾನ ಮಾಡಿಕೊಂಡು ಮತ್ತೆ ಪಾಲಿಸಿ ತಿದ್ದಲು ಹೋದೆ.

ಸಹಜ ಅಲ್ಲವೇ ಅಲ್ಲ. ಎರಡೂ ಸಮಯಗಳ ಕೊನೆಯಲ್ಲಿ ಝೆಡ್ ಅಕ್ಷರ ಇತ್ತು. ಝೆಡ್ ಅಂದರೆ "ಇದು ಯುಟಿಸಿ" ಅಂತ. ಎರಡೂ ಯುಟಿಸಿಯಲ್ಲೇ ಇದ್ದರೆ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ಟೈಮ್ ಝೋನ್ ಲೆಕ್ಕ ಅಲ್ಲಿ ಬರುವುದೇ ಇಲ್ಲ. ಅಂದರೆ ನನ್ನ ಕಂಪ್ಯೂಟರ್ "ಯುಟಿಸಿಯಲ್ಲಿ ಈಗ 02:15" ಅಂತ ಹೇಳುತ್ತಿತ್ತು. ಯುಟಿಸಿಯಲ್ಲಿ ಆಗ ನಿಜವಾಗಿ 20:45.

ಹೀಗಾದದ್ದು ನನ್ನಿಂದಲೇ. ಅದೊಂದು ವರ್ಚುವಲ್ ಮಶೀನ್. ಅದರ ಟೈಮ್ ಝೋನ್ ಯುಟಿಸಿ ಅಂತ ಇತ್ತು. ಗಡಿಯಾರ ಐದೂವರೆ ಗಂಟೆ ಹಿಂದಿದೆ ಅಂತ ನಾನು ಟೈಮ್ ಝೋನ್ ಬದಲಿಸದೆ ಮುಳ್ಳನ್ನೇ ತಿರುಗಿಸಿದ್ದೆ. ಸಿಂಕ್ (ನೆಟ್‌ನಿಂದ ಸಮಯವನ್ನು ತಾನಾಗಿ ಸರಿಮಾಡಿಕೊಳ್ಳುವುದು) ಆನ್ ಇರುವಾಗ ಕೈಯಾರೆ ಬದಲಿಸಲು ಅದು ಬಿಡಲಿಲ್ಲ, ಹಾಗಾಗಿ ಸಿಂಕನ್ನೂ ಆಫ್ ಮಾಡಿದ್ದೆ. ಅಲ್ಲಿಗೆ ಕಣ್ಣಿಗೆ ಕಾಣುವ ಸಮಯ ಸರಿಯಾಯಿತು, ಒಳಗಿನ ಯುಟಿಸಿ ಕೆಟ್ಟಿತು. ಸಹಿಗೆ ಬೇಕಾದದ್ದು ಒಳಗಿನದು.

ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಅಂತ ಟೈಪ್ ಮಾಡಿದರೆ ಸ್ಥಳೀಯ ಸಮಯ, ಯುಟಿಸಿ, ಟೈಮ್ ಝೋನ್, ಸಿಂಕ್ ಆಗಿದೆಯೋ ಇಲ್ಲವೋ ಎಲ್ಲ ಒಟ್ಟಿಗೆ ಕಾಣುತ್ತದೆ. ನೋಡಬೇಕಾದದ್ದು ಯುಟಿಸಿ ಸಾಲು. ಸಿಂಕ್ ಆನ್ ಮಾಡಿ, ಟೈಮ್ ಝೋನ್ ಸರಿಮಾಡಿದೆ. ಮುಂದಿನ ಬ್ಯಾಕಪ್ ತಕರಾರಿಲ್ಲದೆ ಹೋಯಿತು. ಆರ್‌ಕ್ಲೋನ್‌ನಂತಹ ಟೂಲ್ "ಗಡಿಯಾರ ತಪ್ಪಿರಬಹುದು" ಅಂತ ಲಾಗ್‌ನಲ್ಲಿ ತಾನೇ ಒಂದು ಸಾಲು ಬರೆಯುತ್ತದೆ. ನಾನು ಬಳಸುತ್ತಿದ್ದದ್ದು ಆ ಉಪಕಾರ ಮಾಡಲಿಲ್ಲ.

ಇದೇ ಯುಟಿಸಿ ಇನ್ನೊಂದು ಕಡೆಯೂ ಕಾಡುತ್ತದೆ. ಆಕ್ಸೆಸ್ ಲಾಗ್ ಯುಟಿಸಿಯಲ್ಲಿರುತ್ತದೆ, ಸಮಯದ ಪಕ್ಕ ಕೂಡಿಸು ಚಿಹ್ನೆ ಹಾಕಿ 0000 ಅಂತ ಬರೆದಿರುತ್ತದೆ. ನಮ್ಮ ಟೂಲಿನ ಲಾಗ್ ಹೆಚ್ಚಾಗಿ ಸ್ಥಳೀಯ ಸಮಯದಲ್ಲಿ. ಮಧ್ಯರಾತ್ರಿ ದಾಟಿದ ಮೇಲೆ ನಡೆದ ಬ್ಯಾಕಪ್‌ಗೆ ಅಲ್ಲಿ ಹಿಂದಿನ ದಿನದ ತಾರೀಕು ಇರಬಹುದು. 12ರ ಲಾಗ್ ತೆರೆದು "ಏನೂ ಇಲ್ಲ" ಅಂತ ಸುಮ್ನೆ ಮುಚ್ಚಬೇಡಿ, 11ರದ್ದನ್ನೂ ನೋಡಿ.

ಮರುಪ್ರಯತ್ನದ ಸಾಲುಗಳು

ಎರರ್ ಪದ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಟೂಲ್‌ಗಳು ಸೋತರೆ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಆರ್‌ಕ್ಲೋನ್ ಒಂದೊಂದು ಚಿಕ್ಕ ಕೆಲಸವನ್ನು 10 ಸಲ, ಇಡೀ ಓಟವನ್ನು 3 ಸಲ ಪ್ರಯತ್ನಿಸುತ್ತದೆ, ನಾವು ಏನೂ ಬದಲಿಸದಿದ್ದರೆ. ಹಾಗಾಗಿ ಒಂದೇ ಫೈಲಿನ ಹೆಸರು ಎರರ್ ಸಾಲಿನಲ್ಲಿ ಹಲವು ಸಲ ಬಂದು, ಕೊನೆಗೆ ಸಲೀಸಾಗಿ ಹೋಗಿರಬಹುದು. ನಾನು ಈಗ ಮಾಡುವುದು ಇಷ್ಟು: ಫೈಲ್ ಹೋಯಿತೋ ಇಲ್ಲವೋ ತಿಳಿಯಲು ಅದರ ಕೊನೆಯ ಸಾಲು ನೋಡುತ್ತೇನೆ. ಯಾಕೆ ಸೋತಿತು ತಿಳಿಯಲು ಮೊದಲ ಎರರ್ ನೋಡುತ್ತೇನೆ. ನಡುವಿನದು ಬಹುಪಾಲು ಅದೇ ಗೋಳಿನ ಪ್ರತಿಧ್ವನಿ.

503, ಜೊತೆಗೆ ಸ್ಲೋಡೌನ್ ಅಂತ ಬಂದರೆ ನಾವು ವೇಗ ಜಾಸ್ತಿ ಮಾಡಿದ್ದೇವೆ ಅಂತ. ಒಟ್ಟಿಗೆ ಹೋಗುವ ಅಪ್‌ಲೋಡ್‌ಗಳ ಸಂಖ್ಯೆ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ದೊಡ್ಡ ಫೈಲ್ ತುಂಡುತುಂಡಾಗಿ ಹೋಗುವಾಗ ನಡುವೆ ನಿಂತರೆ, ಹೋದ ತುಂಡುಗಳು ಅಲ್ಲೇ ಉಳಿಯುತ್ತವೆ. ಮಾಮೂಲಿ ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಬಿಲ್‌ನಲ್ಲಿ ಸೇರಿರುತ್ತವೆ. ಲಾಗ್‌ನಲ್ಲಿ ಅಪ್‌ಲೋಡ್ ಶುರುವಾಗಿ ಮುಗಿದ ಸಾಲಿಲ್ಲದಿದ್ದರೆ ಇದನ್ನು ಅನುಮಾನಿಸಿ. ಇಷ್ಟು ದಿನದ ಮೇಲೆ ಅಂಥವನ್ನು ಅಳಿಸು ಅಂತ ಬಕೆಟ್‌ಗೆ ಲೈಫ್‌ಸೈಕಲ್ ನಿಯಮ ಹಾಕಬಹುದು.

ಮುಗಿಯಿತು ಅಂದರೂ ಮುಗಿಯದ್ದು

ರೆಸ್ಟಿಕ್ ಅನ್ನುವ ಬ್ಯಾಕಪ್ ಟೂಲ್ ಬಳಸುವವರಿಗೆ ಒಂದು ಮಾತು. ಅದು ಮುಗಿದಾಗ ಕೊಡುವ ಎಕ್ಸಿಟ್ ಕೋಡ್ 0 ಆದರೆ ಸರಿ, 1 ಆದರೆ ಸೋಲು. 3 ಆದರೆ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಬ್ಯಾಕಪ್ ಪ್ರತಿ) ಆಗಿದೆ, ಆದರೆ ಕೆಲವು ಫೈಲ್‌ಗಳನ್ನು ಓದಲು ಆಗಿಲ್ಲ. ಪಟ್ಟಿಯಲ್ಲಿ ಸ್ನ್ಯಾಪ್‌ಶಾಟ್ ಕಂಡು ನಾವು ನೆಮ್ಮದಿಯಾಗಿ ಮಲಗುತ್ತೇವೆ, ಬೇಕಾದ ಫೈಲ್ ಅದರೊಳಗೆ ಇರುವುದಿಲ್ಲ. ಸ್ಕ್ರಿಪ್ಟ್ ಬರೆಯುವಾಗ ಈ ಕೋಡನ್ನೂ ಲಾಗ್‌ಗೆ ಬರೆಸಿ.

ಲಾಗ್ ಬೇರೆಯವರಿಗೆ ಕೊಡುವ ಮೊದಲು

ಡೀಬಗ್ ಮಟ್ಟ (ಸಣ್ಣ ವಿವರವನ್ನೂ ಬರೆಯುವುದು) ಆನ್ ಮಾಡಿದ್ದರೆ ಲಾಗ್‌ನಲ್ಲಿ ಆಥರೈಸೇಶನ್ ಹೆಡರ್, ಸಹಿ ಸಮೇತ ಇರುವ ಲಿಂಕ್‌ಗಳು ಬಂದಿರಬಹುದು. ಅವನ್ನು ಅಳಿಸಿ. ರಿಕ್ವೆಸ್ಟ್ ಐಡಿಯನ್ನು ಮಾತ್ರ ಅಳಿಸಬೇಡಿ, ಸಪೋರ್ಟ್‌ನವರು ಮೊದಲು ಕೇಳುವುದೇ ಅದನ್ನು. ಜೊತೆಗೆ ತೊಂದರೆ ಆದ ಸಮಯವನ್ನೂ ಬರೆಯಿರಿ. ಯುಟಿಸಿಯಲ್ಲಿ, ಕೊನೆಗೊಂದು ಝೆಡ್ ಹಾಕಿ.